ಐಸ್‌ಲ್ಯಾಂಡಿನ ರಸ್ತೆ, ಅಲ್ಲಿಯ ಗಾಳಿ ಮತ್ತು ಎಂಟು ದಿನಗಳ ಲೆಕ್ಕ

ಪ್ರಶ್ನೆ: ನಾವು ಮೈಸೂರಿನವರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಎಂಟು ದಿನಗಳ ಮಟ್ಟಿಗೆ ಐಸ್‌ಲ್ಯಾಂಡಿಗೆ ಹೊರಟಿದ್ದೇವೆ. ನಾನು, ನನ್ನ ಯಜಮಾನರು, ಹನ್ನೊಂದು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಜೊತೆಗೆ 68 ವರ್ಷದ ಅತ್ತೆಯವರು. ಅತ್ತೆಯವರಿಗೆ ಮಂಡಿನೋವಿದೆ, ಅವರು ಶುದ್ಧ ಸಸ್ಯಾಹಾರಿ. ದ್ವೀಪವನ್ನು ಸುತ್ತುವ ರಸ್ತೆ ಬರೀ 1,322 ಕಿ.ಮೀ., ದಿನಕ್ಕೆ ಇನ್ನೂರು ಕಿಲೋಮೀಟರೂ ಬೀಳುವುದಿಲ್ಲ ಎಂದು ಯಜಮಾನರು ಹೇಳುತ್ತಾರೆ. ಮನಾಲಿಯಿಂದ ಲೇಹ್‌ಗೆ ಎರಡು ಸಲ ಕಾರು ಓಡಿಸಿರುವ ಅವರಿಗೆ ಫೋರ್ ವ್ಹೀಲ್ ಡ್ರೈವ್ ಬಾಡಿಗೆಗೆ ಪಡೆದು ಒಳನಾಡಿನ ಲಾಂಡ್‌ಮನ್ನಲಾಯ್ಗರ್‌ಗೂ ಹೋಗುವ ಆಸೆ. ಒಮ್ಮೆ ಹೋಗಿಬಂದಿರುವ ನನ್ನ ಮೈದುನನಾದರೋ ಎಲ್ಲ ಕಡೆ ಟಾರು ರಸ್ತೆಯಿದೆ, ಸಣ್ಣ ಕಾರು ಸಾಕು, ಹೆಚ್ಚಿನ ವಿಮೆಯೆಲ್ಲ ಹಣ ಕೀಳುವ ಉಪಾಯ ಎನ್ನುತ್ತಾನೆ. ಅತ್ತೆಯವರಿಗೆ ಹಿಮದ ಭಯ, ಜ್ವಾಲಾಮುಖಿಯ ಭಯ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ: ದಿನಗಳು ಸಾಕೇ, ಕಾರು ಯಾವುದು, ಅಪಾಯ ಎಲ್ಲಿದೆ. ಉತ್ತರದ ದೇಶಗಳಲ್ಲಿ ತಾವೇ ಕಾರು ಓಡಿಸಿಕೊಂಡು ಹೋಗುವ ಕುಟುಂಬಗಳಿಗೆ ಪ್ರವಾಸ ಯೋಜಿಸಿಕೊಡುವುದೇ ನನ್ನ ಉದ್ಯೋಗವಾಗಿರುವುದರಿಂದ ಈ ಮೂರೂ ಪ್ರಶ್ನೆಗಳನ್ನು ಪ್ರತಿ ವರ್ಷ ಕೇಳುತ್ತೇನೆ. ಬಹುತೇಕ ಎಲ್ಲರೂ ಕಾರಿನ ಬಗ್ಗೆ ಬೇಕಾದಷ್ಟು ಯೋಚಿಸಿರುತ್ತಾರೆ, ಗಾಳಿಯ ಬಗ್ಗೆ ಏನೂ ಯೋಚಿಸಿರುವುದಿಲ್ಲ. ಅತ್ತೆಯವರು ಹೆದರಬೇಕಾದದ್ದು ಹಿಮಕ್ಕಲ್ಲ, ಗಾಳಿಗೆ. ನಿಮ್ಮ ದಿನಗಳ ಲೆಕ್ಕವನ್ನು ತಲೆಕೆಳಗು ಮಾಡುವುದೂ ಅದೇ ಗಾಳಿ.

ಮೊದಲು ದಿನಗಳ ವಿಷಯ. 1,322 ಕಿ.ಮೀ. ಎಂಬುದು ಒಂದನೇ ಸಂಖ್ಯೆಯ ಹೆದ್ದಾರಿಯ ಉದ್ದವೇ ಹೊರತು ನಿಮ್ಮ ಪ್ರಯಾಣದ ಉದ್ದವಲ್ಲ. ಜಲಪಾತ, ಕಡಲತೀರ, ತಂಗುವ ಮನೆ ಎಂದು ಹೆದ್ದಾರಿ ಬಿಟ್ಟು ಒಳಗೆ ಹೋಗಿ ಬರುವುದೆಲ್ಲ ಸೇರಿದರೆ 1,600 ಕಿ.ಮೀ. ಸುಲಭವಾಗಿ ದಾಟುತ್ತದೆ. ಎಂಟು ದಿನಗಳಲ್ಲಿ ಬಂದಿಳಿಯುವ ದಿನ ಮತ್ತು ಹೊರಡುವ ದಿನವನ್ನು ಕಳೆದರೆ ಉಳಿಯುವುದು ಆರು. ಭಾರತದಿಂದ ನೇರ ವಿಮಾನವಿಲ್ಲ, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿದೆ. ಆದ್ದರಿಂದ ಇಳಿದ ದಿನ ಸಂಜೆ ನಾಲ್ಕಕ್ಕೆ ನಿಮ್ಮ ಯಜಮಾನರ ಮೈಗೆ ರಾತ್ರಿ ಒಂಬತ್ತೂವರೆ ಆಗಿರುತ್ತದೆ. ಆ ಹೊತ್ತಿನಲ್ಲಿ, ಜೀವಮಾನವಿಡೀ ರಸ್ತೆಯ ಎಡಗಡೆ ಓಡಿಸಿದವರು ಬಲಗಡೆ ಓಡಿಸಲು ಕೂರಬಾರದು. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುವುದು ಮೊದಲ ದಿನದ ತಮಾಷೆ ಮಾತ್ರ, ಆದರೆ ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗಿದ ಮೇಲೆ ಅಭ್ಯಾಸಬಲದಿಂದ ಎಡಗಡೆಗೇ ಸೇರಿಬಿಡುವುದು ತಮಾಷೆಯಲ್ಲ. ಗೇರು ಬದಲಿಸುವ ಗೊಡವೆಯೇ ಬೇಡವೆಂದು ಆಟೊಮ್ಯಾಟಿಕ್ ಕಾರನ್ನೇ ಕೇಳಿ ಪಡೆಯಿರಿ.

ಬೆಳಕಿನ ಲೆಕ್ಕವೂ ಇದೆ. ಜೂನ್ ಕೊನೆಯಲ್ಲಿ ರೇಕ್ಯಾವಿಕ್‌ನಲ್ಲಿ ಹಗಲು ಸುಮಾರು 21 ಗಂಟೆ, ಡಿಸೆಂಬರ್ ಕೊನೆಯಲ್ಲಿ ನಾಲ್ಕು ಗಂಟೆ ಚಿಲ್ಲರೆ. ನೀವು ಹೋಗುವ ವಾರದಲ್ಲಿ ಬೆಳಗಿನ ಏಳೂವರೆಯ ಹೊತ್ತಿಗೆ ಸೂರ್ಯ ಹುಟ್ಟಿ ಸಂಜೆ ಏಳಕ್ಕೆ ಮುಳುಗುತ್ತಾನೆ. ಐದು ವರ್ಷದ ಮಗುವನ್ನು ಎಬ್ಬಿಸಿ, ತಿಂಡಿ ತಿನ್ನಿಸಿ, ಮೂರು ಪದರ ಬಟ್ಟೆ ತೊಡಿಸಿ, ಅತ್ತೆಯವರನ್ನು ಕಾರಿಗೆ ಹತ್ತಿಸಿ ಹೊರಡುವಷ್ಟರಲ್ಲಿ ಹತ್ತು ಗಂಟೆಯಾಗುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ. ಟಾರು ರಸ್ತೆಯಲ್ಲಿ ವೇಗದ ಮಿತಿ 90, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50, ದಂಡ ಭಾರಿ. ಇಷ್ಟನ್ನು ಕೂಡಿಸಿ ನೋಡಿದರೆ ದ್ವೀಪ ಸುತ್ತಲು ನಿಮ್ಮ ಕುಟುಂಬಕ್ಕೆ ಹತ್ತು ದಿನವಾದರೂ ಬೇಕು, ಹನ್ನೆರಡಿದ್ದರೆ ಚೆನ್ನ.

ಇನ್ನು ಗಾಳಿ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಒಂದು ಕವಲು ದ್ವೀಪದ ದಕ್ಷಿಣ ಮತ್ತು ಪಶ್ಚಿಮದ ದಡಗಳನ್ನು ಸವರಿಕೊಂಡು ಹೋಗುತ್ತದೆ, ಉತ್ತರದಿಂದ ಧ್ರುವದ ತಣ್ಣನೆಯ ಗಾಳಿ ಇಳಿದು ಬರುತ್ತದೆ. ಇವೆರಡರ ಗಡಿಯಲ್ಲೇ ಹುಟ್ಟಿ ಬೆಳೆಯುವ ವಾಯುಭಾರ ಕುಸಿತಗಳು ಶರತ್ಕಾಲದಲ್ಲಿ ಒಂದರ ಹಿಂದೊಂದು ದ್ವೀಪದ ಮೇಲೆ ಹಾಯುತ್ತವೆ. ನಮ್ಮಲ್ಲಿ ಬಂಗಾಳ ಕೊಲ್ಲಿಯ ಕುಸಿತ ಸುದ್ದಿಯಾದರೆ ಅಲ್ಲಿ ಅದು ವಾರದ ದಿನಚರಿ. ಗಾಳಿಯನ್ನು ತಡೆಯಲು ಮರಗಳಿಲ್ಲ. ಬೆಟ್ಟದ ಸಾಲನ್ನು ಏರಿ ದಾಟಿದ ಗಾಳಿ ಮರೆಯ ಕಡೆಗೆ ಸುರುಳಿಸುರುಳಿಯಾಗಿ ಬೀಳುವುದರಿಂದ ಬುಡದಲ್ಲಿ ಹಾದುಹೋಗುವ ರಸ್ತೆಗೆ ಒಂದು ಕ್ಷಣ ಏನೂ ಇಲ್ಲ, ಮರುಕ್ಷಣ ಕಾರನ್ನೇ ಪಕ್ಕಕ್ಕೆ ತಳ್ಳುವ ಹೊಡೆತ. ವಾಟ್ನಯೋಕುಲ್ ಹಿಮನದಿಯ ದಕ್ಷಿಣ ಅಂಚಿನ ಓರೈವಿ ಪ್ರದೇಶ ಮತ್ತು ರೇಕ್ಯಾವಿಕ್‌ನ ಉತ್ತರಕ್ಕಿರುವ ಕ್ಯಾಲರ್ನೆಸ್ ಹಾಗೂ ಹಪ್ನರ್‌ಫ್ಯಾಟ್ಲ್ ಬೆಟ್ಟದ ಬುಡ ಇದಕ್ಕೆ ಹೆಸರಾದ ಜಾಗಗಳು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ ಎಂಬುದನ್ನು ನಿಮ್ಮ ದೊಡ್ಡ ಮಗುವಿಗೆ ಈಗಲೇ ಹೇಳಿಕೊಡಿ, ಅಲ್ಲಿ ಅನುಭವಕ್ಕೆ ಬರುತ್ತದೆ.

ಇಂಥ ಜಾಗಗಳಿಗೆ ಮೊದಲೇ ರಸ್ತೆಬದಿಯಲ್ಲಿ ವಿದ್ಯುತ್ ಫಲಕಗಳಿವೆ. ಅದರಲ್ಲಿ ಉಷ್ಣಾಂಶದ ಜೊತೆಗೆ ಗಾಳಿಯ ವೇಗ, ಬಿರುಸಾಗಿದ್ದಾಗ ಒಮ್ಮೆಲೇ ಬೀಸುವ ಹೊಡೆತದ ವೇಗ ಕೂಡ ತೋರುತ್ತದೆ. ಈ ಅಂಕಿಗಳು ಗಂಟೆಗೆ ಕಿಲೋಮೀಟರಿನಲ್ಲಲ್ಲ, ಸೆಕೆಂಡಿಗೆ ಮೀಟರಿನಲ್ಲಿರುತ್ತವೆ. ಫಲಕದಲ್ಲಿ 20 ಎಂದು ಕಂಡು, ಇಪ್ಪತ್ತು ತಾನೇ ಎಂದು ಮುಂದೆ ಹೋದವರು ಹೋಗುತ್ತಿರುವುದು ಗಂಟೆಗೆ 72 ಕಿಲೋಮೀಟರಿನ ಗಾಳಿಗೆ. 30 ಎಂದಿದ್ದರೆ 108. ಹೊಡೆತ 20 ದಾಟಿದರೆ ಎತ್ತರದ ವ್ಯಾನಿನಲ್ಲಿ ಹೋಗಬೇಡಿ, 25 ದಾಟಿದರೆ ಕಾರಿನಲ್ಲೂ ಬೇಡ ಎಂಬುದು ನನ್ನ ಗ್ರಾಹಕರಿಗೆ ನಾನು ಹಾಕಿರುವ ನಿಯಮ. ಮಲಗುವ ವ್ಯವಸ್ಥೆಯಿರುವ ಕ್ಯಾಂಪರ್ ವ್ಯಾನನ್ನು ನಿಮಗೆ ಸೂಚಿಸದಿರುವುದಕ್ಕೆ ಇದೂ ಒಂದು ಕಾರಣ. ಅದನ್ನು ಸಿಕ್ಕಲ್ಲಿ ನಿಲ್ಲಿಸಿ ರಾತ್ರಿ ಕಳೆಯುವಂತಿಲ್ಲ, ನಿಗದಿತ ಶಿಬಿರದ ಜಾಗಕ್ಕೇ ಹೋಗಬೇಕು ಎಂಬುದು ಇನ್ನೊಂದು.

ಚಲಿಸುವ ಕಾರಿಗಿಂತ ನಿಂತ ಕಾರಿಗೇ ಗಾಳಿಯಿಂದ ಹೆಚ್ಚು ನಷ್ಟವಾಗುವುದನ್ನು ಕಂಡಿದ್ದೇನೆ. ಡಿರ್ಹೋಲೈ ಬಂಡೆಯ ಮೇಲಿನ ಪಾರ್ಕಿಂಗ್ ಜಾಗದಲ್ಲಿ ನಾನು ಒಂದು ಕುಟುಂಬದ ಜೊತೆಗಿದ್ದಾಗ, ಹಿಂದೆ ಕೂತಿದ್ದ ಹುಡುಗ ಪಕ್ಷಿ ನೋಡುವ ಉತ್ಸಾಹದಲ್ಲಿ ಬಾಗಿಲ ಹಿಡಿಯನ್ನು ಎಳೆದನಷ್ಟೇ, ಬಾಗಿಲು ಅವನ ಕೈ ತಪ್ಪಿ ಮುಂದಿನ ಬಾಗಿಲಿನವರೆಗೂ ಹೊರಳಿ, ಟಿನ್ ಡಬ್ಬಿಯನ್ನು ತುಳಿದಂಥ ಸದ್ದಾಯಿತು. ಕೀಲು ಬಾಗಿ ಬಾಗಿಲು ಮತ್ತೆ ಮುಚ್ಚಲಿಲ್ಲ. ಹಗ್ಗದಲ್ಲಿ ಬಿಗಿದುಕೊಂಡು ವೀಕ್ ಊರಿಗೆ ಇಳಿದೆವು. ಗಾಳಿಗೆ ಬಾಗಿಲು ಮುರಿಯುವುದನ್ನು ಬಹುತೇಕ ಬಾಡಿಗೆ ವಿಮೆಗಳು ಹೊರಗಿಡುತ್ತವೆ. ಅವರ ವಿಮೆಯೂ ಹೊರಗಿಟ್ಟಿತ್ತು. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕ್ ಹಾಕಿಡಿ, ದೊಡ್ಡವರೊಬ್ಬರು ಮೊದಲು ಇಳಿದು ಹೊರಗಿನಿಂದ ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಬಾಗಿಲು ತೆಗೆಯಿರಿ.

ನಿಮ್ಮ ಮೈದುನನ ವಿಮೆಯ ಮಾತಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅವರ ಮಾತು ಅರ್ಧ ನಿಜ. ಕೌಂಟರಿನಲ್ಲಿ ತೋರಿಸುವ ಎಲ್ಲ ವಿಮೆಗಳೂ ಬೇಕಿಲ್ಲ, ಆದರೆ ಎರಡನ್ನು ಬಿಡಬೇಡಿ. ಎದುರಿನ ವಾಹನ ಸಿಡಿಸುವ ಜಲ್ಲಿಯಿಂದ ಗಾಜು ಬಿರಿಯುವುದಕ್ಕೆ ಒಂದು. ಮರಳು ಮತ್ತು ಬೂದಿಯ ಹಾನಿಗೆ ಇನ್ನೊಂದು, ಏಕೆಂದರೆ ದಕ್ಷಿಣ ಕರಾವಳಿಯ ಮಿರ್ದಾಲ್ಸಾಂಡೂರ್ ಮತ್ತು ಸ್ಕೇಡಾರಾರ್‌ಸಾಂಡೂರ್ ಎಂಬ ಕಪ್ಪು ಮರಳು ಬಯಲುಗಳಲ್ಲಿ ಬಿರುಗಾಳಿ ಎದ್ದರೆ ಕಾರಿನ ಬಣ್ಣವನ್ನು ಉಜ್ಜುಕಾಗದದಿಂದ ಉಜ್ಜಿದಂತೆ ಕಿತ್ತುಹಾಕುತ್ತದೆ. ನದಿಯಲ್ಲಿ ಇಳಿಸಿ ಇಂಜಿನ್ ಕೆಟ್ಟರೆ, ಕಾರಿನ ತಳ ಬಂಡೆಗೆ ತಗುಲಿದರೆ ಸಾಮಾನ್ಯವಾಗಿ ಯಾವ ವಿಮೆಯೂ ಕೊಡುವುದಿಲ್ಲ.

ಇದು ನಿಮ್ಮ ಯಜಮಾನರ ಲಾಂಡ್‌ಮನ್ನಲಾಯ್ಗರ್ ಆಸೆಗೆ ಸಂಬಂಧಪಟ್ಟ ವಿಷಯ. ಒಳನಾಡಿನ ಆ ದಾರಿಗಳ ಸಂಖ್ಯೆಗೆ ಮೊದಲು ಎಫ್ ಎಂಬ ಅಕ್ಷರವಿರುತ್ತದೆ. ಫೋರ್ ವ್ಹೀಲ್ ಡ್ರೈವ್ ಇಲ್ಲದೆ ಅಲ್ಲಿ ಹೋಗುವುದು ಕಾನೂನಿಗೆ ವಿರುದ್ಧ, ಮತ್ತು ಅವು ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ತೆರೆದಿರುತ್ತವೆ. ನಿಮ್ಮದು ಕೊನೆಯ ವಾರ, ಒಂದು ರಾತ್ರಿಯ ಹಿಮ ಸಾಕು ಮುಚ್ಚಲು. ಮನಾಲಿ–ಲೇಹ್ ದಾರಿಯ ಅನುಭವವನ್ನು ನಾನು ಕಡೆಗಣಿಸುವುದಿಲ್ಲ. ಜಿಂಗ್‌ಜಿಂಗ್‌ಬಾರ್ ಬಳಿಯ ಪಾಗಲ್ ನಾಲಾ ಬೆಳಗ್ಗೆ ತೆಳ್ಳಗಿದ್ದು ಮಧ್ಯಾಹ್ನ ಉಕ್ಕುವುದನ್ನು ಅವರು ನೋಡಿಯೇ ಇರುತ್ತಾರೆ, ಹಿಮನದಿಯಿಂದ ಬರುವ ಐಸ್‌ಲ್ಯಾಂಡಿನ ಹೊಳೆಗಳ ಗುಣವೂ ಅದೇ. ಬಿಸಿಲೇರಿದಂತೆ ಹಿಮ ಕರಗಿ ನೀರೇರುತ್ತದೆ, ನೀರು ಹಾಲಿನಂತೆ ಬೆಳ್ಳಗಿರುವುದರಿಂದ ತಳ ಕಾಣುವುದಿಲ್ಲ. ವ್ಯತ್ಯಾಸವೆಂದರೆ ಲೇಹ್ ದಾರಿಯಲ್ಲಿ ಹಿಂದೊಂದು ಲಾರಿ, ಮುಂದೊಂದು ಸೈನ್ಯದ ಟ್ರಕ್ಕು ಇರುತ್ತದೆ, ಸಿಕ್ಕಿಬಿದ್ದರೆ ಎಳೆಯಲು ಹತ್ತು ಜನ ಇಳಿಯುತ್ತಾರೆ. ಇಲ್ಲಿ ಸೆಪ್ಟೆಂಬರ್ ಕೊನೆಗೆ ಗಂಟೆಗಟ್ಟಲೆ ಯಾರೂ ಬಾರದಿರಬಹುದು. ಮಂಡಿನೋವಿನ ಹಿರಿಯರು, ಐದು ವರ್ಷದ ಮಗು ಜೊತೆಗಿರುವಾಗ ಈ ಸಲ ಅದನ್ನು ಬಿಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಮುಂದೊಮ್ಮೆ ಬೇಸಿಗೆಯಲ್ಲಿ ಇಬ್ಬರೇ ಹೋದಾಗ ರೇಕ್ಯಾವಿಕ್‌ನಿಂದ ಎತ್ತರದ ಚಕ್ರಗಳ ಬಸ್ಸಿದೆ, ಅದರ ಚಾಲಕನಿಗೆ ಆ ಹೊಳೆಗಳು ಮನೆಯಂಗಳದಷ್ಟು ಪರಿಚಿತ.

ಹಾಗಾದರೆ ಸಣ್ಣ ಕಾರು ಸಾಕೇ? ಹೆದ್ದಾರಿಗೆ ಸಾಕು, ನಿಮಗೆ ಸಾಲದು. ಐದು ಜನ, ಮಗುವಿನ ಕಡ್ಡಾಯ ಆಸನ, ಐದು ಪೆಟ್ಟಿಗೆ ತುಂಬಿದ ಹಗುರವಾದ ಕಾರು ಗಾಳಿಗೆ ಸುಲಭದ ತುತ್ತು. ನೆಲದಿಂದ ಸ್ವಲ್ಪ ಎತ್ತರವಿರುವ, ಅತ್ತೆಯವರು ಮಂಡಿ ಹೆಚ್ಚು ಬಗ್ಗಿಸದೆ ಹತ್ತಿ ಇಳಿಯಬಹುದಾದ ಮಧ್ಯಮ ಗಾತ್ರದ ಫೋರ್ ವ್ಹೀಲ್ ಡ್ರೈವ್ ತೆಗೆದುಕೊಳ್ಳಿ, ಹೊಳೆ ದಾಟುವುದಕ್ಕಲ್ಲ, ಒದ್ದೆ ರಸ್ತೆಯ ಹಿಡಿತಕ್ಕೆ. ಛಾವಣಿಯ ಮೇಲೆ ಪೆಟ್ಟಿಗೆ ಕಟ್ಟಿಸಬೇಡಿ.

ರಸ್ತೆಯ ಬಗ್ಗೆ ಕೆಲವು ಮಾತು ಹೇಳದೆ ವಿಧಿಯಿಲ್ಲ. ಹೆದ್ದಾರಿ ಎಂಬ ಹೆಸರಿದ್ದರೂ ಅದು ಬಹುಪಾಲು ಎರಡೇ ಪಥಗಳ, ಏರಿ ಮೇಲೆ ಹಾಕಿದ, ಅಂಚಿನಲ್ಲಿ ಇಳಿಸಿ ನಿಲ್ಲಿಸಲು ಜಾಗವಿಲ್ಲದ ರಸ್ತೆ. ಫೋಟೊಗೆಂದು ಅದರ ಮೇಲೇ ನಿಲ್ಲಿಸುವವರು ಸ್ಥಳೀಯರ ದೊಡ್ಡ ತಲೆನೋವು. ಕವಲು ದಾರಿಗಳಲ್ಲಿ ಟಾರು ಮುಗಿದು ಜಲ್ಲಿ ಶುರುವಾಗುವ ಕಡೆ ಫಲಕವಿರುತ್ತದೆ. ಅದೇ ವೇಗದಲ್ಲಿ ಜಲ್ಲಿಗಿಳಿದವರ ಕಾರು ಜಾರಿ ಮಗುಚುತ್ತದೆ, ಆದ್ದರಿಂದ ಫಲಕಕ್ಕೆ ಮೊದಲೇ ನಿಧಾನಿಸಬೇಕು, ಜಲ್ಲಿಯ ಮೇಲೆ ಗಕ್ಕನೆ ಬ್ರೇಕ್ ಒತ್ತಬಾರದು. 'ಐನ್‌ಬ್ರೇಡ್ ಬ್ರೂ' ಎಂದರೆ ಒಂದೇ ವಾಹನ ಹಿಡಿಸುವ ಸೇತುವೆ, ಮೊದಲು ಹತ್ತಿರವಾದವರು ಮೊದಲು ದಾಟುವುದು ಪದ್ಧತಿ. ನಮ್ಮ ಕಡೆ ಲೈಟು ಮಿಟುಕಿಸುವುದೆಂದರೆ 'ನಾನು ಬರುತ್ತಿದ್ದೇನೆ, ನೀನು ನಿಲ್ಲು' ಎಂದಲ್ಲವೇ? ಆ ಭಾಷೆಯನ್ನು ಅಲ್ಲಿ ಬಳಸಬೇಡಿ, ಸುಮ್ಮನೆ ನಿಲ್ಲಿಸಿ ಅವರನ್ನು ಹೋಗಲು ಬಿಡಿ. ಎರಡು ಪಥದ ವೃತ್ತಗಳಲ್ಲಿ ಒಳಪಥದಲ್ಲಿರುವವರಿಗೆ ಹೊರಬರುವ ಮೊದಲ ಹಕ್ಕು, ರೇಕ್ಯಾವಿಕ್‌ನಲ್ಲಿ ಹೊಸಬರು ಎಡವುವುದು ಇಲ್ಲೇ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ರಸ್ತೆಯ ಒಂದು ಬದಿಯಲ್ಲಿ ತಾಯಿ ಕುರಿ, ಇನ್ನೊಂದು ಬದಿಯಲ್ಲಿ ಮರಿ ಕಂಡರೆ ನಿಂತೇಬಿಡಿ. ಕಾರಿನ ಸದ್ದು ಕೇಳಿದೊಡನೆ ಮರಿ ಓಡುವುದು ತಾಯಿಯ ಕಡೆಗೆ, ಅಂದರೆ ನಿಮ್ಮ ಚಕ್ರದಡಿಗೆ. ಸೆಪ್ಟೆಂಬರ್‌ನಲ್ಲಿ ಕುರಿಗಳನ್ನು ಬೆಟ್ಟದಿಂದ ಇಳಿಸಿ ಒಟ್ಟುಗೂಡಿಸುತ್ತಾರಾದರೂ ದಾರಿ ತಪ್ಪಿದವು ಉಳಿದಿರುತ್ತವೆ.

ಈಗ ನಿಮ್ಮ ಮುಂದಿರುವ ದಾರಿಗಳು. ಹಟ ಹಿಡಿದು ಪೂರ್ತಿ ಸುತ್ತಬಹುದು. ರೇಕ್ಯಾವಿಕ್‌ನಿಂದ ವೀಕ್ 187 ಕಿ.ಮೀ., ಅಲ್ಲಿಂದ ಹೋಫ್ನ್ ಸುಮಾರು 270, ಹೋಫ್ನ್‌ನಿಂದ ಕಡಲಂಚಿನ ದಾರಿಯಲ್ಲಿ ಏಯಿಲ್‌ಸ್ಟಾಡಿರ್ ಸುಮಾರು 250, ಮುಂದೆ ಮೀವಾಟ್ನ್ ಸರೋವರ 165, ಕೊನೆಗೆ ಆಕುರೇರಿಯಿಂದ ರೇಕ್ಯಾವಿಕ್ ಒಂದೇ ಸಮನೆ 388. ಕಾಗದದ ಮೇಲೆ ಇದು ಕೂಡಿ ಬರುತ್ತದೆ. ಆದರೆ ಏಯಿಲ್‌ಸ್ಟಾಡಿರ್ ದಾಟಿದ ಮೇಲಿನ ಎತ್ತರದ ಬಯಲಿನಲ್ಲಿ, ಪಶ್ಚಿಮದ ಹೋಲ್ಟವೊರ್ದುಹೇಡಿ ಘಟ್ಟದಲ್ಲಿ ಸೆಪ್ಟೆಂಬರ್ ಕೊನೆಗೇ ಹಿಮ ಬೀಳಬಹುದು, ಮತ್ತು ಒಂದು ದಿನ ಎಲ್ಲಾದರೂ ಗಾಳಿಗೆ ರಸ್ತೆ ಮುಚ್ಚಿದರೆ ಮುಂದಿನ ಎಲ್ಲ ಕಾಯ್ದಿರಿಸುವಿಕೆಗಳೂ ಮಣಿಸರದ ದಾರ ಕಡಿದಂತೆ ಉದುರುತ್ತವೆ. ವೃತ್ತದ ಅರ್ಧದಲ್ಲಿ ಸಿಕ್ಕಿಕೊಂಡವರಿಗೆ ಹಿಂದಿರುಗುವ ದಾರಿಯೂ ಮುಂದುವರಿಯುವ ದಾರಿಯಷ್ಟೇ ಉದ್ದ. ವಿಮಾನ ತಪ್ಪೀತೆಂಬ ಆತಂಕದಲ್ಲಿ ಜನ ಹೊರಡಬಾರದ ಗಾಳಿಯಲ್ಲಿ ಹೊರಡುತ್ತಾರೆ, ನಾನು ಕಂಡ ಅಪಘಾತಗಳ ಹಿಂದೆ ಈ ಆತಂಕ ಇದ್ದೇ ಇತ್ತು.

ಎರಡನೆಯದು, ಸೆಲ್ಫಾಸ್ ಅಥವಾ ಹ್ವಾಲ್ಸ್‌ವಾಲ್ಲೂರ್ ಸುತ್ತಮುತ್ತ ಅಡುಗೆಮನೆಯಿರುವ ಒಂದೇ ಮನೆ ಹಿಡಿದು ದಿನಾ ಹೋಗಿ ಬರುವುದು. ಅಪಾಯ ಅತ್ಯಂತ ಕಡಿಮೆ, ಅತ್ತೆಯವರಿಗೆ ಹಿತ. ಆದರೆ ಹಿಮಗಡ್ಡೆಗಳು ತೇಲುವ ಯೋಕುಲ್‌ಸಾರ್‌ಲೋನ್ ಲಗೂನು ಒಂದೇ ದಿನದಲ್ಲಿ ಹೋಗಿ ಬರಲು ದೂರವಾಗುತ್ತದೆ.

ನಾನಾದರೆ ನಿಮಗೆ ದಕ್ಷಿಣ ಕರಾವಳಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಮರಳುವ ಯೋಜನೆಯನ್ನು ಹಾಕಿಕೊಡುತ್ತೇನೆ. ಮೊದಲ ರಾತ್ರಿ ವಿಮಾನ ನಿಲ್ದಾಣಕ್ಕೆ ಹತ್ತಿರ, ಎರಡು ರಾತ್ರಿ ಸೆಲ್ಫಾಸ್ ಕಡೆ, ಮೂರು ರಾತ್ರಿ ವೀಕ್ ಮತ್ತು ಹೋಫ್ನ್ ನಡುವೆ, ಕೊನೆಯದು ರೇಕ್ಯಾವಿಕ್. ಸೆಲ್ಫಾಸ್‌ನಿಂದ, ಕ್ರಿ.ಶ. 930ರಲ್ಲಿ ಸಂಸತ್ತು ಸೇರಿದ ಥಿಂಗ್‌ವೆಟ್ಲಿರ್, ಐದು ಹತ್ತು ನಿಮಿಷಕ್ಕೊಮ್ಮೆ ಚಿಮ್ಮುವ ಸ್ಟ್ರೊಕ್ಕುರ್ ಬುಗ್ಗೆ, ಎರಡು ಹಂತದ ಗುಲ್‌ಫಾಸ್ ಜಲಪಾತ ಮೂರೂ ಒಂದೇ ದಿನದಲ್ಲಿ ಆಗುತ್ತವೆ. ಪೂರ್ವಕ್ಕೆ ಹೊರಟಾಗ 60 ಮೀಟರ್ ಎತ್ತರದ ಸ್ಕೋಗಾಫಾಸ್ ಜಲಪಾತದ ಎದುರಿಗೆ ಸಮತಟ್ಟಾದ ನೆಲದ ಮೇಲೆ ನಡೆದು ಹೋಗಬಹುದು, ಪಕ್ಕದ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮಕ್ಕಳು ಅಪ್ಪನೊಂದಿಗೆ ಹತ್ತಲಿ. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂದೆ ಹಾದುಹೋಗುವ ದಾರಿ ಅತ್ತೆಯವರಿಗೆ ಬೇಡ, ಜಾರುತ್ತದೆ. ಸ್ಕಾಫ್ಟಾಫೆಲ್ ಬಳಿ ರಸ್ತೆಬದಿಯಲ್ಲಿ ತಿರುಚಿದ ಕಬ್ಬಿಣದ ತೊಲೆಗಳು ಬಿದ್ದಿವೆ. 1974ರಲ್ಲಿ ಈ ಮರಳು ಬಯಲಿನ ಸೇತುವೆಗಳು ಮುಗಿದ ಮೇಲೆಯೇ ದ್ವೀಪವನ್ನು ಸುತ್ತುವ ರಸ್ತೆ ಪೂರ್ಣವಾದದ್ದು. 1996ರ ನವೆಂಬರ್‌ನಲ್ಲಿ ಹಿಮನದಿಯಡಿಯ ಜ್ವಾಲಾಮುಖಿ ಕರಗಿಸಿದ ನೀರು ಒಮ್ಮೆಲೇ ನುಗ್ಗಿ ಬಂದು ಸೇತುವೆಯನ್ನು ಹಗ್ಗದಂತೆ ಹೊಸೆದು ಬಿಸಾಡಿತು. ಯೋಕುಲ್‌ಸಾರ್‌ಲೋನ್‌ನಲ್ಲಿ ಕಾರು ನಿಲ್ಲಿಸಿದ ಕಡೆಯಿಂದಲೇ ಹಿಮಗಡ್ಡೆಗಳು ಕಾಣುತ್ತವೆ. ರೇಕ್ಯಾವಿಕ್‌ನಿಂದ ಅಲ್ಲಿಗೆ ಸುಮಾರು 375 ಕಿ.ಮೀ., ಹೋಗಿ ಬಂದರೆ 750. ಪೂರ್ತಿ ಸುತ್ತುವುದಕ್ಕಿಂತ ಬಹಳ ಕಡಿಮೆಯಾದ್ದರಿಂದ ಒಂದೂವರೆ ದಿನ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಗಾಳಿ ಬಂದರೆ ಕೊಡಲು.

ಈ ದಾರಿಯಲ್ಲಿ ನಾನು ನಿಜವಾಗಿ ಹೆದರುವ ಜಾಗ ಒಂದೇ, ವೀಕ್ ಬಳಿಯ ರೇನಿಸ್‌ಫ್ಯಾರಾ ಕಪ್ಪು ಮರಳ ತೀರ. ಆಳವಾದ ಕಡಲು ದಡದ ಹತ್ತಿರವೇ ಆರಂಭವಾಗುವುದರಿಂದ ಹತ್ತು ಸಣ್ಣ ಅಲೆಗಳ ನಂತರ ಒಂದು ಅಲೆ ಸದ್ದಿಲ್ಲದೆ ಮಾಮೂಲಿಗಿಂತ ಬಹಳ ಮೇಲಕ್ಕೆ ನುಗ್ಗಿ, ಕಾಲಡಿಯ ಜಲ್ಲಿಯನ್ನೂ ಎಳೆದುಕೊಂಡು ಹಿಂದಿರುಗುತ್ತದೆ. ಅಲ್ಲಿ ಪ್ರವಾಸಿಗರು ಸತ್ತಿದ್ದಾರೆ. ಈಗ ಎಚ್ಚರಿಕೆಯ ದೀಪಗಳಿವೆ, ಕೆಂಪು ಉರಿದರೆ ಮುಂದೆ ಹೋಗಬೇಡಿ. ಯಾವ ಬಣ್ಣ ಉರಿದರೂ ಸಣ್ಣ ಮಗುವಿನ ಕೈ ಬಿಡಬೇಡಿ, ಸಮುದ್ರಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬೇಡಿ.

ಜ್ವಾಲಾಮುಖಿಯ ವಿಷಯದಲ್ಲಿ ಅತ್ತೆಯವರಿಗೆ ಸಮಾಧಾನ ಹೇಳಬಹುದು. 2010ರಲ್ಲಿ ಯುರೋಪಿನ ವಿಮಾನಗಳನ್ನು ನಿಲ್ಲಿಸಿದ್ದು ಬೂದಿ. 2023ರ ಡಿಸೆಂಬರ್‌ನಿಂದ ಗ್ರಿಂದವೀಕ್ ಬಳಿ ಮತ್ತೆ ಮತ್ತೆ ಉಕ್ಕುತ್ತಿರುವುದು ನೆಲದ ಬಿರುಕಿನಿಂದ ಹರಿಯುವ ಲಾವಾ, ಅದರ ಪರಿಣಾಮ ಬಹುಮಟ್ಟಿಗೆ ಆ ಸುತ್ತಿಗೇ ಸೀಮಿತ. ಮುಚ್ಚಿದ ರಸ್ತೆಗೆ ಹೋಗದಿದ್ದರೆ ಸಾಕು. ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕು (ಅರೋರಾ) ನೋಡಲು ನಿಮ್ಮ ವಾರ ಒಳ್ಳೆಯದೇ, ಆದರೆ ಮೋಡ ಕವಿದರೆ ಏನೂ ಕಾಣದು. ಅದಕ್ಕಾಗಿ ರಾತ್ರಿ ಕಾರು ಓಡಿಸದೆ, ಊರಿನ ದೀಪಗಳಿಂದ ದೂರವಿರುವ ಮನೆ ಹಿಡಿದು ಕಿಟಕಿಯಿಂದ ನೋಡಿ.

ಅಡುಗೆಗೆ ಹೆಚ್ಚಿನ ಕಷ್ಟವಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ವಿದ್ಯುತ್ ಅಥವಾ ಇಂಡಕ್ಷನ್ ಒಲೆ, ಆದ್ದರಿಂದ ತಳ ಹೊಂದುವ ಸ್ಟೀಲ್ ಕುಕ್ಕರನ್ನೇ ಒಯ್ಯಿರಿ. ಸಾರಿನಪುಡಿ, ಅವಲಕ್ಕಿ, ಚಟ್ನಿಪುಡಿ ಇದ್ದರೆ ಉಳಿದದ್ದು ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತದೆ. ಬಿಸಿನೀರಿಗೆ ಗಂಧಕದ ವಾಸನೆ ಬರುತ್ತದೆ, ಗಾಬರಿ ಬೇಡ. ಕುಡಿಯಲು ತಣ್ಣೀರಿನ ನಲ್ಲಿ ಬಿಟ್ಟುಕೊಳ್ಳಿ, ಬಾಟಲಿ ಕೊಳ್ಳಬೇಕಿಲ್ಲ. ಹೆಸರು ಉದ್ದವೆಂದು ಎಲ್ಲರೂ ಕ್ಲೌಸ್ಟುರ್ ಎಂದಷ್ಟೇ ಕರೆಯುವ ಊರಿನ ಆಚೆ ಪೆಟ್ರೋಲ್ ಬಂಕುಗಳು ದೂರದೂರ, ಬಹಳಷ್ಟರಲ್ಲಿ ಮನುಷ್ಯರಿರುವುದಿಲ್ಲ. ಕಾರ್ಡಿನ ನಾಲ್ಕಂಕಿಯ ಪಿನ್ ಗೊತ್ತಿರಬೇಕು, ವಿದೇಶ ಬಳಕೆ ತೆರೆದಿರಬೇಕು, ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಬೇಕು. ತುರ್ತು ಸಂಖ್ಯೆ 112.

ಪ್ರತಿ ಬೆಳಗ್ಗೆ ಹೊರಡುವ ಮೊದಲು ಅಲ್ಲಿಯ ಹವಾಮಾನ ಕಚೇರಿಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನೂ ರಸ್ತೆ ಇಲಾಖೆಯ ನಕ್ಷೆಯನ್ನೂ ನೋಡಿ. ಕಿತ್ತಳೆ ಇದ್ದ ದಿನ ಊರು ಬಿಡಬೇಡಿ. ಅಂಥ ದಿನ ಸ್ಥಳೀಯರು ಮಾಡುವುದು ಒಂದೇ ಕೆಲಸ, ಊರಿನ ಈಜುಕೊಳಕ್ಕೆ ಹೋಗುವುದು. ವೀಕ್, ಹೋಫ್ನ್‌ನಂಥ ಸಣ್ಣ ಊರಿನಲ್ಲೂ ಬಯಲಿನಲ್ಲೇ ಬಿಸಿನೀರಿನ ಕೊಳವಿದೆ, ಪಕ್ಕದಲ್ಲಿ ಇನ್ನೂ ಬಿಸಿಯಾದ ಪುಟ್ಟ ತೊಟ್ಟಿಗಳಿವೆ. ಇಳಿಯುವ ಮೊದಲು ಹೆಂಗಸರ, ಗಂಡಸರ ಪ್ರತ್ಯೇಕ ಸ್ನಾನದ ಕೋಣೆಯಲ್ಲಿ ಬಟ್ಟೆಯಿಲ್ಲದೆ ಸೋಪು ಹಚ್ಚಿ ತೊಳೆದುಕೊಳ್ಳಲೇಬೇಕೆಂಬ ನಿಯಮವಿದೆ, ಇದನ್ನು ಅತ್ತೆಯವರಿಗೆ ಮೈಸೂರಿನಲ್ಲೇ ಹೇಳಿರಿ, ಮೈ ಮುಚ್ಚುವ ಈಜುಡುಗೆಯೊಂದನ್ನು ಕೊಂಡಿಡಿ. ಮಂಡಿಯವರೆಗೆ ಬಿಸಿನೀರು, ನೆತ್ತಿಯ ಮೇಲೆ ಆ ಗಾಳಿ. ನಾನು ಕರೆದೊಯ್ದ ಹಿರಿಯರಲ್ಲಿ ಹಲವರು ತೊಟ್ಟಿಯಿಂದ ಎದ್ದು ಬರಲು ಒಪ್ಪಿದ್ದಿಲ್ಲ.